ಗೃಹಿಣಿಯ ಗ್ಲಾನಿ ಮತ್ತು ನಮ್ಮ ಸಾಹಿತ್ಯ

ನಮ್ಮ ಕಾವ್ಯಗಳಲ್ಲಿ ತಾಯಿಯ ಸ್ತುತಿಗೆ ಬರವಿಲ್ಲ. ಅವಳ ವಾತ್ಸಲ್ಯವನ್ನೂ ಸಹನೆಯನ್ನೂ ಹೊಗಳದ ಕವಿಯು ವಿರಳ. ಗೃಹಿಣಿಗೆ ಆರು ಗುಣಗಳನ್ನೆಣಿಸುವ ಪ್ರಸಿದ್ಧ ಸುಭಾಷಿತವಂತೂ ಕ್ಷಮೆಯಲ್ಲಿ ಅವಳನ್ನು ಭೂಮಿಗೆ ಹೋಲಿಸುತ್ತದೆ. ಭೂಮಿಗೆ ದಣಿವುಂಟೇ ಎಂದು ಯಾರೂ ಕೇಳುವುದಿಲ್ಲ. ಆದುದರಿಂದ ಈ ಉಪಮೆಯ ಬಲದಿಂದ ಗೃಹಿಣಿಯ ದಣಿವೂ ವಿಚಾರಕ್ಕೆ ಬಾರದೆ ಹೋಯಿತು. ಮನೆಯಲ್ಲಿಯೇ ಇದ್ದು ಹಗಲಿರುಳು ಮಕ್ಕಳನ್ನು ಸಾಕುವ ತಾಯಿಯ ಬಳಲಿಕೆಯನ್ನು ನಮ್ಮ ಸಾಹಿತ್ಯವು ಎಲ್ಲಿ ಕಂಡಿದೆ, ಎಲ್ಲಿ ಕಾಣದೆ ಹೋಗಿದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ಬಳಲಿಕೆಗೆ ನಮ್ಮಲ್ಲಿ ಹೆಸರಿಲ್ಲವೆಂದು ಹೇಳುವಂತಿಲ್ಲ. ಭರತಮುನಿಯು ನಾಟ್ಯಶಾಸ್ತ್ರದ 7ನೆಯ ಅಧ್ಯಾಯದಲ್ಲಿ ಹೇಳಿರುವ 33 ವ್ಯಭಿಚಾರಿಭಾವಗಳಲ್ಲಿ ಗ್ಲಾನಿಯೂ ಒಂದು, ಶ್ರಮವೂ ಒಂದು. ಗ್ಲಾನಿಗೆ ಆತನು ಕೊಡುವ ಕಾರಣಗಳಲ್ಲಿ ವ್ಯಾಧಿ, ಉಪವಾಸ, ಮನಸ್ತಾಪ, ಹಸಿವು, ಬಾಯಾರಿಕೆ, ನಿದ್ರಾಭಂಗಗಳು ಸೇರಿವೆ. ಅದರ ಲಕ್ಷಣಗಳಾದರೋ ಕುಗ್ಗಿದ ಮಾತು, ಬತ್ತಿದ ಕೆನ್ನೆ, ನಿಧಾನವಾದ ಹೆಜ್ಜೆ, ನಿರುತ್ಸಾಹ ಮೊದಲಾದವು. ಎಳೆಯ ಕೂಸಿನ ತಾಯಿಯನ್ನು ಕಂಡವರಿಗೆ ಇದು ಯಾರ ಚಿತ್ರವೆಂದು ಬಿಡಿಸಿ ಹೇಳಬೇಕೆ? ಆದರೂ ಲಾಕ್ಷಣಿಕರು ಉದಾಹರಣೆಗಳನ್ನು ಹುಡುಕುವಾಗ ವಿರಹಿಣಿಯ ಕಡೆಗೆ ಹೋದರು, ದಾರಿ ನಡೆದು ಬಳಲಿದ ಸುಕುಮಾರಿಯ ಕಡೆಗೆ ಹೋದರು. ಅಡಿಗೆಮನೆಯ ಹೊಸ್ತಿಲನ್ನು ಮಾತ್ರ ದಾಟಲಿಲ್ಲ. ಹೆಸರಿದ್ದಿತು, ಲಕ್ಷಣವಿದ್ದಿತು, ಲಕ್ಷ್ಯವಾಗಬೇಕಾದವಳು ಕಣ್ಣಿಗೆ ಬೀಳಲಿಲ್ಲ.

ಇದು ಪೂರ್ವಿಕರೊಬ್ಬರದೇ ದೋಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ, ದೀರ್ಘಕಾಲದ ಒತ್ತಡದಿಂದ ಮನುಷ್ಯನು ಬರಿದಾಗಿ ಹೋಗುವ ಸ್ಥಿತಿಯನ್ನು ವಿವರಿಸಿ, ಇದು ಉದ್ಯೋಗಕ್ಕೆ ಸಂಬಂಧಿಸಿದುದು, ಬಾಳಿನ ಇತರ ಕ್ಷೇತ್ರಗಳಿಗೆ ಅನ್ವಯಿಸಕೂಡದು ಎಂದು ಗೆರೆಯೆಳೆದಿದೆ. ಅದೇ 2019ರಲ್ಲಿ ಭಾರತ ಸರಕಾರವು ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಕೊಡುತ್ತಾರೆ. ಗಂಡಸರು ಕೊಡುವುದು 97 ನಿಮಿಷ. ಇಷ್ಟು ದುಡಿದರೂ ಸಂಬಳವಿಲ್ಲದ ಕಾರಣ ಅದು ಉದ್ಯೋಗವಲ್ಲ. ಉದ್ಯೋಗವಲ್ಲದ ಕಾರಣ ಅದರ ದಣಿವು ದಣಿವಲ್ಲ!

ಕನ್ನಡದಲ್ಲಿ ಗೃಹಿಣಿಯ ವಿಷಯವಾಗಿ ಒಬ್ಬ ಹೆಣ್ಣುಮಗಳೇ ರಚಿಸಿದ ಪ್ರಸಿದ್ಧ ಕೃತಿ ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’. ಚಿಕ್ಕದೇವರಾಜ ಒಡೆಯರ (1672–1704) ಆಸ್ಥಾನದಲ್ಲಿ ಸಾಂಗತ್ಯದಲ್ಲಿ ಹುಟ್ಟಿದ ಈ ಕಾವ್ಯವು ಹೆಸರೇ ಹೇಳುವಂತೆ ಪತಿವ್ರತೆಯ ಧರ್ಮವನ್ನು ಬೋಧಿಸತಕ್ಕದ್ದು. ಹೆಣ್ಣನ್ನು ಹೀಗಳೆಯುವವರನ್ನು ಹೊನ್ನಮ್ಮನು ದಿಟ್ಟತನದಿಂದ ಪ್ರಶ್ನಿಸಿದ್ದಾಳೆ. ಅದು ಅವಳ ಹಿರಿಮೆ. ಆದರೆ ಗೃಹಿಣಿಯು ಮಾಡತಕ್ಕದ್ದನ್ನು ವಿವರಿಸುವುದೇ ಈ ಕಾವ್ಯದ ಮುಖ್ಯ ಹೊಣೆ. ಧರ್ಮಗ್ರಂಥದಲ್ಲಿ ಕರ್ತವ್ಯಕ್ಕೆ ಎಡೆಯುಂಟು, ಬಳಲಿಕೆಗೆ ಎಡೆ ಕಡಮೆ.

ಎಡೆಯಿದ್ದುದು ಬೇರೆ ಕಡೆ, ಅಕ್ಷರವರಿಯದ ಬೀಸುವ ಕಲ್ಲಿನ ಬಳಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ನಾವು ಬಹುಕಾಲ ದಾಂಪತ್ಯದ ಸೊಗಸಿಗಾಗಿಯೂ ತಾಯ್ತನದ ಸವಿಗಾಗಿಯೂ ಮೆಚ್ಚುತ್ತ ಬಂದೆವು. ಮೆಚ್ಚತಕ್ಕದ್ದೇ ಸರಿ. ಆದರೆ ಇಂತಹ ತ್ರಿಪದಿಗಳು ಹುಟ್ಟಿದ ಸಮಯವನ್ನು ನೆನೆಯಬೇಕು. ಕೋಳಿ ಕೂಗುವ ಹೊತ್ತಿಗೆ, ಮನೆಮಂದಿಯೆಲ್ಲ ಮಲಗಿರುವಾಗ, ಅರೆನಿದ್ದೆಯಲ್ಲಿ ಎದ್ದು ಕಲ್ಲಿನ ಮುಂದೆ ಕುಳಿತವಳ ಹಾಡು ಇದು. ತಿರುಗುವ ಕಲ್ಲಿನ ಲಯವೇ ಹಾಡಿನ ಲಯ. ಕಲ್ಲು ದೊಡ್ಡದಾದರೆ ಎದುರುಬದುರಾಗಿ ಇಬ್ಬರು ಕುಳಿತು ಬೀಸುವರು. ಒಬ್ಬಳು ಎತ್ತಿದ ನುಡಿಗೆ ಇನ್ನೊಬ್ಬಳು ದನಿಗೂಡಿಸುವಳು. ತವರಿನ ಹಂಬಲ, ಅಣ್ಣನ ಬರವು, ಅತ್ತೆಯ ಬಿರುನುಡಿ, ತೊಟ್ಟಿಲ ಕೂಸು ಎಲ್ಲವೂ ಹಿಟ್ಟಿನೊಡನೆ ಹೊರಬರುತ್ತಿದ್ದುವು. ಹಗಲಿನಲ್ಲಿ ಆಡಿದರೆ ದೂರೆನಿಸುವ ಮಾತು ಬೆಳಗಿನ ಜಾವದಲ್ಲಿ ಹಾಡಾಗುತ್ತಿದ್ದಿತು. ಹಾಗೆಂದು ಆ ಕಾಲವು ಸುಖದ ಕಾಲವಾಗಿರಲಿಲ್ಲ; ಹಾಡಿನಿಂದ ಹಿಟ್ಟಿನ ರಾಶಿಯೇನೂ ಕಿರಿದಾಗಲಿಲ್ಲ. ಆದರೆ ದಣಿವಿಗೆ ಬಾಯಿ ಇದ್ದಿತು, ಆ ಬಾಯಿಗೆ ಒಂದು ಕಿವಿ ಇದ್ದಿತು. ವ್ಯಭಿಚಾರಿಭಾವವು ಸಂಚಾರಿ, ಬಂದು ಹೋಗುವುದೇ ಅದರ ಸ್ವಭಾವ. ಗ್ಲಾನಿಯು ಹಾಗೆ ಬಂದುಹೋಗಲು ಹಾಡು ಒಂದು ದಾರಿಯಾಗಿದ್ದಿತು.

ಬೀಸುವ ಕಲ್ಲು ಮೂಲೆ ಸೇರಿತು. ಎದುರಿಗೆ ಕುಳಿತವಳೂ ಎದ್ದುಹೋದಳು. ಕೆಲಸ ಮಾತ್ರ ಬೇರೆ ಬೇರೆ ರೂಪಗಳಲ್ಲಿ ಮನೆಯಲ್ಲಿಯೇ ಉಳಿಯಿತು. ಈ ಹೊಸ ಒಂಟಿತನವನ್ನು ಕನ್ನಡದಲ್ಲಿ ಕಣ್ಣಿಟ್ಟು ಕಂಡವರಲ್ಲಿ ತ್ರಿವೇಣಿಯವರು (1928–1963) ಮುಖ್ಯರು. ಅವರ ‘ಶರಪಂಜರ’ದ ಕಾವೇರಿಯು, 1971ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ತೆಗೆದ ಚಲಚ್ಚಿತ್ರದ ಮೂಲಕ, ಕಾದಂಬರಿಯನ್ನು ಓದದವರಿಗೂ ಪರಿಚಿತಳು. ಹೆರಿಗೆಯ ಅನಂತರ ಅವಳ ಮನಸ್ಸು ಕದಡುತ್ತದೆ. ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಕಥೆಯ ಸತ್ವವೆಲ್ಲ ಇರುವುದು ಮರಳಿದ ಮೇಲೆ. ಅವಳು ನಕ್ಕರೂ ಶಂಕೆ, ಸಿಡುಕಿದರೂ ಶಂಕೆ. ಇತರರಿಗೆ ಸಹಜವಾದ ಬೇಸರವು ಅವಳಲ್ಲಿ ಕಂಡರೆ ರೋಗದ ಗುರುತು. ಪತಿಯಾದ ಸತೀಶನ ಮನಸ್ಸೂ ಬೇರೆ ಕಡೆಗೆ ಹೊರಳಿದೆ. ಅವಳು ಪುನಃ ಆಸ್ಪತ್ರೆಗೇ ಹಿಂದಿರುಗುವಾಗ, ಅವಳನ್ನು ಕಳುಹಿಸಿದ್ದು ರೋಗವೋ ಮನೆಯೋ ಎಂಬ ಪ್ರಶ್ನೆಯು ವಾಚಕನನ್ನು ಬಿಡದು.

ಒಂದು ವಿವೇಚನೆ ಇಲ್ಲಿ ಅವಶ್ಯ. ಕಾವೇರಿಯದು ಉನ್ಮಾದ, ಬರಿಯ ದಣಿವಲ್ಲ. ದಣಿದ ತಾಯಂದಿರೆಲ್ಲರೂ ಕಾವೇರಿಯರಲ್ಲ. ಬಾಣಂತಿಯ ಬುದ್ಧಿ ಕದಡಿದರೆ ವೈದ್ಯನೇ ಬೇಕು, ವಿಮರ್ಶಕನಲ್ಲ. ಕಾದಂಬರಿಯಲ್ಲಿ ಕರುಣವನ್ನು ಎಳೆದು ಹಿಗ್ಗಿಸಿದೆಯೆಂಬ ಆಕ್ಷೇಪಣೆಯನ್ನೂ ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಆದರೂ ಲೇಖಕಿಯ ದೃಷ್ಟಿ ತಪ್ಪಿಲ್ಲ. ಆ ಮನೆಯಲ್ಲಿ ಅನ್ನವುಂಟು, ಬಟ್ಟೆಯುಂಟು, ಮಕ್ಕಳುಂಟು. ಇಲ್ಲದ್ದು ಒಂದು ಕಿವಿ. ಆಡಲಾರದ ಗ್ಲಾನಿಯು ಸಂಚಾರಿಯಾಗಿ ಉಳಿಯದೆ ಮನೆಯಲ್ಲಿ ಸ್ಥಾಯಿಯಾಗಿ ಕೂರುತ್ತದೆ. ಶಾಸ್ತ್ರಕಾರರು ಕಾಣದ ಈ ಸತ್ಯವನ್ನು ತ್ರಿವೇಣಿಯವರು ಕಂಡರು.

ಪರಿಹಾರವೇನೆಂದು ಕೇಳಬಹುದು. ‘ಸಹಿಸಿಕೋ’ ಎಂಬ ಉಪದೇಶವು ಪರಿಹಾರವಲ್ಲ. ಭೂಮಿಯ ಉಪಮೆಯು ಹೊರಿಸಿದ ಭಾರಕ್ಕೆ ಅದು ಇನ್ನೊಂದು ಕಲ್ಲು. ‘ನೀನು ಮಹಾತಾಯಿ’ ಎಂಬ ಹೊಗಳಿಕೆಯೂ ಅಲ್ಲ. ದಣಿದೆನೆಂದು ಹೇಳಲು ಬಂದವಳ ಬಾಯನ್ನು ಅದು ನಯವಾಗಿ ಮುಚ್ಚುತ್ತದೆ. ಮೊದಲನೆಯದು ಕೆಲಸದಲ್ಲಿ ಪಾಲು. 299ಕ್ಕೂ 97ಕ್ಕೂ ನಡುವಣ ಅಂತರವನ್ನು ಮನೆಯ ಗಂಡಸು ಕಿರಿದುಮಾಡದ ಹೊರತು ಮಿಕ್ಕ ಮಾತೆಲ್ಲ ಉಪಚಾರ. ಎರಡನೆಯದು ನಿದ್ರೆ, ಭರತಮುನಿಯ ಪಟ್ಟಿಯಲ್ಲಿರುವ ಆ ಕಾರಣವನ್ನು ನೀಗಿಸಲು ರಾತ್ರಿಯ ಒಂದು ಯಾಮ ತೊಟ್ಟಿಲನ್ನು ತೂಗುವ ಇನ್ನೊಂದು ಕೈ ಸಾಕು. ಮೂರನೆಯದು, ತೀರ್ಪು ಕೊಡದೆ ಕೇಳುವ ಕಿವಿ.

ಕಾವ್ಯವನ್ನು ಓದಿ ಕರಗುವವನನ್ನು ನಮ್ಮವರು ಸಹೃದಯನೆಂದು ಕರೆದರು. ಕಾವೇರಿಗಾಗಿ ಕಣ್ಣೀರು ಸುರಿಸಿದ ಸಹೃದಯರು ಕನ್ನಡನಾಡಿನ ಮನೆಮನೆಗಳಲ್ಲಿ ಇದ್ದಾರೆ. ಆದರೆ ಪುಸ್ತಕವನ್ನು ಮುಚ್ಚಿಟ್ಟ ಮೇಲೆ ಒಳಗಿನಿಂದ ಬರುವ ಕುಗ್ಗಿದ ದನಿಯನ್ನು ಕೇಳಿಯೂ ಅಲುಗದವನನ್ನು ಆ ಹೆಸರಿನಿಂದ ಕರೆಯುವುದು ಹೇಗೆ?