ಯೀಸ್ಟ್ ಬೆಳೆಯಿತು, ಸಾಬೀತಾದದ್ದು ಎಷ್ಟು?

'ಇದು ಪೊಟ್ಯಾಸಿಯಮ್ ಹೀರುವ ಜೀನ್' ಎಂಬಂಥ ವಾಕ್ಯಗಳನ್ನು ನೀವು ಓದಿರಬಹುದು, ಪಾಠದಲ್ಲಿ ಹೇಳಿಯೂ ಇರಬಹುದು. ಅದು ಗೊತ್ತಾದದ್ದು ಹೇಗೆಂದು ಕೇಳಿದ್ದೀರಾ? ಬ್ರೆಡ್ ಉಬ್ಬಿಸುವ ಯೀಸ್ಟಿನ ಮೇಲೆ ರಿಚರ್ಡ್ ಗೇಬರ್, ಕೋರಾ ಸ್ಟೈಲ್ಸ್ ಮತ್ತು ಜೆರಾಲ್ಡ್ ಫಿಂಕ್ 1988ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ಪೊಟ್ಯಾಸಿಯಮ್ ಹೀರುವುದರಲ್ಲಿ ಕೊರತೆಯಿದ್ದ ಉತ್ಪರಿವರ್ತಿತ ಯೀಸ್ಟಿನಲ್ಲಿ ಆ ಕೊರತೆಯನ್ನು ನೀಗಿಸಿದ ಜೀನನ್ನು ಇವರು ಆಯ್ದುಕೊಂಡರು. ಅದೇ ಟಿಆರ್‌ಕೆ1. ಅದರ ಪ್ರೋಟೀನಿನಲ್ಲಿ 1235 ಅಮೈನೊ ಆಮ್ಲಗಳಿವೆ. ಅದರ ನೆಲೆ ಕೋಶಪೊರೆ.

ಮೆಚ್ಚಬೇಕಾದ ಸಂಗತಿಯೆಂದರೆ ಅವರು ಇಷ್ಟಕ್ಕೇ ನಿಲ್ಲಲಿಲ್ಲ. ಜೀನನ್ನು ಪೂರ್ತಿ ತೆಗೆದೂ ನೋಡಿದರು. ಯೀಸ್ಟ್ ಸಾಯಲಿಲ್ಲ! ಹೆಚ್ಚು ಪೊಟ್ಯಾಸಿಯಮ್ ಸಿಕ್ಕರೆ ಅದು ಬೆಳೆಯಿತು. ಎಂದರೆ, ಅಯಾನು ಒಳಬರಲು ಮತ್ತೊಂದು ದಾರಿ ಇರಲೇಬೇಕು. 1990ರಲ್ಲಿ ಗೇಬರ್ ತಂಡ ಟಿಆರ್‌ಕೆ2 ಎಂಬ ಎರಡನೆಯ ಜೀನನ್ನು ವರದಿ ಮಾಡಿತು. ಎರಡೂ ಇಲ್ಲದ ಯೀಸ್ಟ್ ಕೂಡ ಪೊಟ್ಯಾಸಿಯಮ್ ಧಾರಾಳವಾಗಿದ್ದರೆ ಬದುಕುತ್ತದೆ.

ಮಿತಿಯೂ ಇಲ್ಲೇ ಇದೆ. ಪ್ರೋಟೀನು ತಾನೇ ಅಯಾನನ್ನು ಸಾಗಿಸುತ್ತದೆಯೇ, ಸಾಗಿಸುವ ಬೇರೊಂದಕ್ಕೆ ನೆರವಾಗುತ್ತದೆಯೇ ಎಂಬುದನ್ನು ಜೀನ್ ತೆಗೆಯುವ, ಸೇರಿಸುವ ಪ್ರಯೋಗಗಳಷ್ಟೇ ತೀರ್ಮಾನಿಸಲಾರವು. ಲೇಖಕರು 1988ರಲ್ಲಿ ಅದನ್ನು 'ಸಂಭಾವ್ಯ' ಸಾಗಕವೆಂದೇ ಕರೆದರು. ನಾವು ಪಾಠವನ್ನು ಸಂಕ್ಷೇಪಿಸುವಾಗ ಮೊದಲು ಬಿದ್ದುಹೋಗುವುದು ಈ ಪದವೇ.

ಅದು ಬಿದ್ದರೆ ಏನು ನಷ್ಟ? ಎರಡೂ ಜೀನುಗಳಿಲ್ಲದ ಈ ಯೀಸ್ಟ್, ಸಸ್ಯಗಳ ಜೀನುಗಳನ್ನು ಹಿಡಿಯುವ ಬಲೆಯೂ ಆಯಿತು. 1992ರಲ್ಲಿ ಅರಾಬಿಡಾಪ್ಸಿಸ್ ಸಸ್ಯದ ಕೆಎಟಿ1 ಹೀಗೆ ಸಿಕ್ಕಿತು. ಆದರೆ ಅದು ಅಯಾನುಗಳ ಕಾಲುವೆ ಎಂಬುದು ಖಚಿತವಾದದ್ದು, ಅದನ್ನು ಕಪ್ಪೆಯ ಅಂಡಕೋಶದಲ್ಲಿ ತಯಾರಿಸಿ ವಿದ್ಯುತ್ ಪ್ರವಾಹವನ್ನು ಅಳೆದಾಗ. ಗೋಧಿಯ ಎಚ್‌ಕೆಟಿ1 ಕೂಡ 1994ರಲ್ಲಿ ಇದೇ ಬಲೆಗೆ ಬಿತ್ತು. ಪೊಟ್ಯಾಸಿಯಮ್ಮಿನೊಂದಿಗೆ ಪ್ರೋಟಾನು ಒಳಬರುತ್ತದೆಂದು ಮೊದಲು ಭಾವಿಸಲಾಯಿತು. ಒಳಬರುವುದು ಸೋಡಿಯಮ್ ಎಂದು 1995ರ ಅಳತೆಗಳು ತೋರಿಸಿದವು. ಚೌಳು ನೆಲದ ಬೆಳೆಗೆ ಇದು ಸಣ್ಣ ವ್ಯತ್ಯಾಸವಲ್ಲ. ತಟ್ಟೆಯ ಮೇಲೆ ಬೆಳೆದ ಯೀಸ್ಟ್ ಈ ವಿಷಯ ಹೇಳಿರಲಿಲ್ಲ. ನಾವು ಕೇಳಿದ್ದು 'ಬದುಕುತ್ತೀಯಾ?' ಎಂದಷ್ಟೇ.

ಮುಂದೆ 'ಇಂಥದ್ದರ ಜೀನ್' ಎಂದು ಕಪ್ಪುಹಲಗೆಯ ಮೇಲೆ ಬರೆಯುವಾಗ, ಅದನ್ನು ತೆಗೆದರೆ ಏನಾಯಿತು, ಯಾವ ಮಾಧ್ಯಮದಲ್ಲಿ, ಅಳೆದದ್ದು ಬೆಳವಣಿಗೆಯನ್ನೋ ಅಯಾನನ್ನೋ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ವಿದ್ಯಾರ್ಥಿಗಳು ಹೆಸರು ಮರೆತರೂ ಚಿಂತೆಯಿಲ್ಲ, ಪ್ರಶ್ನೆಗಳು ಉಳಿಯಲಿ.