ಇಪ್ಪತ್ತಮೂರರ ಮಗ್ಗಿ

ಕುರ್ಲಾ ಪೂರ್ವದ ನೆಹರು ನಗರದಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯ ಹುಡುಗ ಒಂದು ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದುಕೊಂಡು ಬಂದ. ಹಿಂದೆಯೇ ಅವನ ತಾಯಿ. "ಅಣ್ಣ, ಇವನಿಗೆ ದುಬೈಯಲ್ಲಿ ಕೆಲಸ ಆಗಿದೆ. ಹೆಂಡತಿ ಮಗುವನ್ನೂ ಕರೆದುಕೊಂಡು ಹೋಗ್ತಾನಂತೆ. ನೀವು ಲೆಕ್ಕ ಬರೆಯುವವರು, ಒಮ್ಮೆ ನೋಡಿ ಹೇಳಿ" ಎಂದರು. ನೋಟ್‌ಬುಕ್ ತೆರೆದೆ. ಮೇಲೆ ಅಲ್ಲಿನ ಸಂಬಳ, 7,000 ದಿರ್ಹಮ್ ಎಂದು ಬರೆದಿತ್ತು. ಅದರ ಕೆಳಗೆ ಇಂಟು 23, ಒಂದು ದಿರ್ಹಮ್‌ಗೆ ಇಷ್ಟು ರೂಪಾಯಿ ಎಂಬ ಲೆಕ್ಕ. ಗೆರೆ ಎಳೆದು 1,61,000. ಆ ಮೊತ್ತದ ಅಡಿಯಲ್ಲಿ ಕೆಂಪು ಪೆನ್ನಿನಿಂದ ಎರಡು ಗೆರೆ. ಪುಟದ ಎಡಗಡೆ ಸಣ್ಣದಾಗಿ, ಈಗ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಚೇರಿಯಲ್ಲಿ ಸಿಗುವ ಸಂಬಳ: 55,000. ಪುಟದಲ್ಲಿ ಬೇರೇನೂ ಇರಲಿಲ್ಲ.

ಈ ಪುಟವನ್ನು ನಾನು ಬೇರೆ ಬೇರೆ ಕೈಬರಹಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ದಿರ್ಹಮ್ ಇದ್ದಲ್ಲಿ ರಿಯಾಲ್ ಇರುತ್ತದೆ, ಡಾಲರ್ ಇರುತ್ತದೆ, ಪೌಂಡ್ ಇರುತ್ತದೆ. ಕೆಳಗೆ ಒಂದು ಗುಣಾಕಾರ, ಅದರ ಕೆಳಗೆ ಗೆರೆ. ಪರದೇಶಕ್ಕೆ ಹೋಗಬೇಕೋ ಬೇಡವೋ ಎಂಬುದನ್ನು ಮುಂಬಯಿಯ ನಮ್ಮ ಕನ್ನಡ, ತುಳು ಮನೆಗಳು ತೀರ್ಮಾನಿಸುವುದು ಬಹುಮಟ್ಟಿಗೆ ಈ ಒಂದು ಮಗ್ಗಿಯಿಂದ. ಜನರ ಬದುಕನ್ನೇ ತಿರುಗಿಸುವ ಒಂದು ರೂಢಿ ಇದು, ಆದರೂ ಇದನ್ನು ಯಾರೂ ಕೂತು ಪರೀಕ್ಷಿಸಿದಂತೆ ಕಾಣುವುದಿಲ್ಲ. ಅದಕ್ಕೇ ಈ ಬರಹ.

ಮೊದಲು ರೂಢಿಗೆ ಸಲ್ಲಬೇಕಾದ ನ್ಯಾಯ ಸಲ್ಲಿಸುತ್ತೇನೆ. ಇದು ದಡ್ಡರ ಲೆಕ್ಕವಲ್ಲ. ನಮ್ಮ ಹಿರಿಯರು ಊರು ಬಿಟ್ಟು ಮುಂಬಯಿಗೆ ಬಂದಾಗ ಕಲಿತ ಲೆಕ್ಕ. ಮಾಟುಂಗಾದ, ಫೋರ್ಟಿನ, ಕುರ್ಲಾದ ಉಡುಪಿ ಹೋಟೆಲುಗಳಿಗೆ ಹನ್ನೆರಡು ಹದಿಮೂರು ವರ್ಷಕ್ಕೆ ಬಂದು ಸೇರಿದ ಹುಡುಗರು ಹಗಲು ಟೇಬಲ್ ಒರೆಸಿದರು, ಸಂಜೆ ಕನ್ನಡದ ರಾತ್ರಿ ಶಾಲೆಗೆ ಹೋದರು, ಹೋಟೆಲಿನಲ್ಲೇ ಉಂಡರು, ಅಂಗಡಿ ಮುಚ್ಚಿದ ಮೇಲೆ ಅದೇ ಬೆಂಚಿನ ಮೇಲೆ ಮಲಗಿದರು. ಬಾಡಿಗೆ ಇಲ್ಲ, ಊಟದ ಖರ್ಚಿಲ್ಲ. ಸಂಬಳ ಸಣ್ಣದಾದರೂ ಹೆಚ್ಚುಕಡಿಮೆ ಪೂರ್ತಿಯಾಗಿ ಮನಿಯಾರ್ಡರ್ ಆಗಿ ಊರಿಗೆ ಹೋಗುತ್ತಿತ್ತು. ಗಳಿಕೆ ಮುಂಬಯಿಯಲ್ಲಿ, ಖರ್ಚು ಕಾಪುವಿನಲ್ಲೋ ಕಾರ್ಕಳದಲ್ಲೋ. ಮುಂಬಯಿಯ ಒಂದು ರೂಪಾಯಿ ಊರಿನಲ್ಲಿ ಎರಡು ರೂಪಾಯಿಯ ಕೆಲಸ ಮಾಡುತ್ತಿತ್ತು. ಕೊಲ್ಲಿ ದೇಶಗಳ ಬಾಗಿಲು ತೆರೆದಾಗಲೂ ಹೋದವರು ಇದೇ ಬಗೆಯವರು: ಒಬ್ಬಂಟಿ ಗಂಡಸರು, ಕಂಪನಿಯ ಕ್ಯಾಂಪಿನಲ್ಲಿ ವಾಸ, ಕಂಪನಿಯ ಬಸ್ಸು. ಅವರ ಮಟ್ಟಿಗೆ ಗುಣಾಕಾರ ಸರಿಯಾದ ಲೆಕ್ಕವೇ ಆಗಿತ್ತು. ಹಣ ರೂಪಾಯಿಯಲ್ಲಿ ಖರ್ಚಾಗುವುದಾದರೆ ರೂಪಾಯಿಗೆ ಗುಣಿಸಲೇಬೇಕು.

ಲೆಕ್ಕ ಕೆಡುವುದು ಸಂಸಾರ ಸಮೇತ ಹೋಗುವಾಗ. ಆಗ ಹಣ ಖರ್ಚಾಗುವುದೂ ದಿರ್ಹಮ್‌ನಲ್ಲೇ. ಗುಣಿಸುವ ಮಾತಿರಲಿ, ಕಳೆಯಬೇಕಾಗುತ್ತದೆ. ಒಬ್ಬಂಟಿಯ ಮಗ್ಗಿಯನ್ನು ಸಂಸಾರದವರು ಬಾಯಿಪಾಠ ಒಪ್ಪಿಸುತ್ತಿದ್ದಾರೆ. ಈ ರೂಢಿಯ ಮೇಲೆ ನನಗಿರುವ ದೊಡ್ಡ ಆಕ್ಷೇಪ ಇದೇ.

ಹುಡುಗನ ಎದುರಿಗೇ ಎರಡನೇ ಪುಟ ಬರೆದೆವು. ದುಬೈಯಲ್ಲಿ ಬಾಡಿಗೆ ಕೈಗೆಟುಕದ್ದರಿಂದ ಅವನ ಸ್ನೇಹಿತ ಶಾರ್ಜಾದಲ್ಲಿ ಒಂದು ಬೆಡ್‌ರೂಮಿನ ಮನೆ ನೋಡಿಟ್ಟಿದ್ದ, ವರ್ಷಕ್ಕೆ 36,000 ದಿರ್ಹಮ್. ಅಂದರೆ ತಿಂಗಳಿಗೆ 3,000. ಅಲ್ಲಿ ಬಾಡಿಗೆಯನ್ನು ತಿಂಗಳು ತಿಂಗಳು ಕೊಡುವ ಪದ್ಧತಿ ಕಡಿಮೆ. ವರ್ಷದ ಬಾಡಿಗೆಗೆ ಮುಂದಿನ ತಾರೀಖಿನ ನಾಲ್ಕೋ ಆರೋ ಚೆಕ್ಕು ಬರೆದುಕೊಡಬೇಕು, ಮೇಲೆ ಡಿಪಾಸಿಟ್ಟು, ಏಜೆಂಟನ ಕಮಿಷನ್ನು. ಮಗುವಿನ ಕೆಜಿ ಶಾಲೆ ಮತ್ತು ಬಸ್ಸಿಗೆ 900. ದಿನಸಿ, ತರಕಾರಿ, ಮೀನು 1,200. ಕರೆಂಟು, ನೀರು, ಇಂಟರ್‌ನೆಟ್ 600. ಅವನ ಓಡಾಟಕ್ಕೆ 500. ಉದ್ಯೋಗಿಯ ಆರೋಗ್ಯ ವಿಮೆ ಕಂಪನಿಯ ಹೊಣೆ, ಹೆಂಡತಿ ಮಗುವಿನದು ಅವನದೇ ಹೊಣೆ, ಅದಕ್ಕೆ ತಿಂಗಳಿಗೆ 150. ಕೂಡಿಸಿದರೆ 6,350. ಏಳು ಸಾವಿರದಲ್ಲಿ ಉಳಿದದ್ದು 650 ದಿರ್ಹಮ್. ಈಗ ಬೇಕಾದರೆ ಇಪ್ಪತ್ತಮೂರರಿಂದ ಗುಣಿಸು ಎಂದೆ. 14,950 ರೂಪಾಯಿ. ಊರಿಗೆ ಬಂದು ಹೋಗುವ ಮೂರು ವಿಮಾನ ಟಿಕೆಟ್ಟು ಇದರಲ್ಲೇ ಹುಟ್ಟಬೇಕು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಾನು ಕೇಳಿದೆ, "ನಿನ್ನ ಹೆಂಡತಿಯ ಸಂಬಳ ಎಷ್ಟಪ್ಪ?" ಆಕೆ ಚೆಂಬೂರಿನ ಒಂದು ಶಾಲೆಯಲ್ಲಿ ಟೀಚರ್, ತಿಂಗಳಿಗೆ 28,000. ಅದು ಮೊದಲನೇ ಪುಟದಲ್ಲಿ ಎಲ್ಲೂ ಇರಲಿಲ್ಲ. ಗಂಡನ ವೀಸಾದ ಮೇಲೆ ಹೋದ ಹೆಂಡತಿಗೆ ಅಲ್ಲಿ ಹೋದ ದಿನವೇ ಕೆಲಸ ಕಾದಿರುವುದಿಲ್ಲ. ಹಾಗಾಗಿ ಕುರ್ಲಾದ ಕಡೆ ಬರೆಯಬೇಕಾದ ಮೊತ್ತ 55,000 ಅಲ್ಲ, 83,000. ತಂದೆ ಕಾಲದ ಮನೆ, ಬಾಡಿಗೆಯಿಲ್ಲ. ಮಗುವನ್ನು ನೋಡಿಕೊಳ್ಳಲು ಅಜ್ಜಿ ಇದ್ದಾರೆ, ಪಕ್ಕದಲ್ಲಿ ಕೂತು ನಮ್ಮ ಮಾತು ಕೇಳುತ್ತಿದ್ದ ಅದೇ ತಾಯಿ. ಎಲ್ಲ ಖರ್ಚು ಕಳೆದು ಈ ಮನೆ ಈಗಾಗಲೇ ತಿಂಗಳಿಗೆ ಸುಮಾರು 30,000 ಉಳಿಸುತ್ತಿತ್ತು. ಅದು ಉಳಿತಾಯ ಎಂದು ಅವರಿಗೆ ಅನ್ನಿಸಿರಲಿಲ್ಲ, ಯಾಕೆಂದರೆ ಅದನ್ನು ಯಾವುದರಿಂದಲೂ ಗುಣಿಸಿರಲಿಲ್ಲ.

"ಆದರೆ ಅಲ್ಲಿ ಟ್ಯಾಕ್ಸ್ ಇಲ್ಲವಲ್ಲ ಮಾವ" ಎಂದ ಹುಡುಗ. ನಿಜ, ಸಂಬಳದ ಮೇಲೆ ತೆರಿಗೆ ಇಲ್ಲ. ಆದರೆ 2025-26ರಿಂದ ನಮ್ಮಲ್ಲಿ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೂ ತೆರಿಗೆ ಬೀಳುವುದಿಲ್ಲ. ಇವನದು ಆರೂವರೆ ಲಕ್ಷ ಚಿಲ್ಲರೆ. ಇಲ್ಲೂ ಸೊನ್ನೆ, ಅಲ್ಲೂ ಸೊನ್ನೆ. ಇನ್ನು ಏಳು ಸಾವಿರದಲ್ಲಿ ಬೇಸಿಕ್ ಎಷ್ಟು ಎಂದು ಆಫರ್ ಲೆಟರ್ ನೋಡಿದರೆ ಮೂರೂವರೆ ಸಾವಿರ. ಯುಎಇ ಕಾನೂನಿನಲ್ಲಿ ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಯಿಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ. ಭತ್ಯೆಗಳು ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಸಂಬಳ ಎಂದು ತೋರಿಸಿ ಬೇಸಿಕ್ ಸಣ್ಣದಾಗಿಟ್ಟರೆ ನಷ್ಟ ಗೊತ್ತಾಗುವುದು ಹತ್ತು ವರ್ಷದ ಮೇಲೆ, ಹೊರಡುವ ದಿನ.

ಈ ಮಗ್ಗಿಯಲ್ಲಿ ಇನ್ನೊಂದು ಮೋಸ ಅಡಗಿದೆ. ದಿರ್ಹಮ್ 1997ರಿಂದ ಡಾಲರಿಗೆ ಕಟ್ಟಿಕೊಂಡಿದೆ, ಡಾಲರಿಗೆ 3.6725. ಅದು ಅಲ್ಲಾಡುವುದಿಲ್ಲ. ಅಲ್ಲಾಡುವುದು ನಮ್ಮ ರೂಪಾಯಿ. 2010ರ ಸುಮಾರಿಗೆ ಒಂದು ದಿರ್ಹಮ್‌ಗೆ ಹನ್ನೆರಡು ರೂಪಾಯಿ ಚಿಲ್ಲರೆ ಸಿಗುತ್ತಿತ್ತು. ಈಗ 23 ದಾಟಿದೆ. ಅಂದರೆ ದಿರ್ಹಮ್‌ನಲ್ಲಿ ಸಂಬಳ ಒಂದು ಪೈಸೆ ಏರದಿದ್ದರೂ ನಮ್ಮ ನೋಟ್‌ಬುಕ್ಕಿನಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟು ಬೆಳೆದಂತೆ ಕಾಣುತ್ತದೆ. ಅಲ್ಲಿನ ಮನೆ ಮಾಲೀಕ, ಶಾಲೆ, ತರಕಾರಿ ಅಂಗಡಿ ಯಾರೂ ರೂಪಾಯಿಯಲ್ಲಿ ಬಿಲ್ಲು ಕೊಡುವುದಿಲ್ಲ. ಊರಿಗೆ ಹಣ ಕಳಿಸುವವನಿಗೆ ರೂಪಾಯಿ ಬಿದ್ದದ್ದು ಲಾಭ. ಅಲ್ಲೇ ಸಂಸಾರ ಹೂಡಿದವನಿಗೆ ಅದರಿಂದ ಹಾಲಿನ ಒಂದು ಪ್ಯಾಕೆಟ್ಟೂ ಅಗ್ಗವಾಗುವುದಿಲ್ಲ. ಅರ್ಥಶಾಸ್ತ್ರದವರು ಇದಕ್ಕೆ ಕೊಳ್ಳುವ ಶಕ್ತಿ ಎನ್ನುತ್ತಾರೆ. ಅಮೆರಿಕದಲ್ಲಿ ಒಂದು ಡಾಲರಿಗೆ ಬರುವಷ್ಟು ಸಾಮಾನು ಭಾರತದಲ್ಲಿ ಸುಮಾರು 20 ರೂಪಾಯಿಗೆ ಬರುತ್ತದೆ ಎಂಬುದು ವಿಶ್ವ ಬ್ಯಾಂಕಿನ ಹೋಲಿಕೆ. ವಿನಿಮಯ ದರ ಎಂಬತ್ತರ ಮೇಲಿದೆ. ನಾಲ್ಕು ಪಟ್ಟಿನ ಈ ಅಂತರದಲ್ಲೇ ಎಷ್ಟೋ ಮನೆಗಳ ಕನಸು ಮುಗ್ಗರಿಸುತ್ತದೆ.

ಹೋದ ಮೇಲೆ ಅಲ್ಲಿನ ಸರ್ಕಾರವೇ ಲೆಕ್ಕ ಬದಲಿಸಿದರೆ? ಸೌದಿ ಅರೇಬಿಯಾ 2017ರ ಜುಲೈಯಲ್ಲಿ ಜೊತೆಗಿರುವ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಕ್ಕೆ ನೂರರಂತೆ ಏರಿಸಿ 2020ಕ್ಕೆ 400 ಮಾಡಿತು. ಹೆಂಡತಿ, ಇಬ್ಬರು ಮಕ್ಕಳಿದ್ದವನಿಗೆ ತಿಂಗಳಿಗೆ 1,200 ರಿಯಾಲ್. ಆ ವರ್ಷಗಳಲ್ಲಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಗಂಡಸರು ಮತ್ತೆ ಬೆಡ್ ಸ್ಪೇಸಿಗೆ, ಅಂದರೆ ಹಂಚಿಕೊಂಡ ಕೋಣೆಯ ಒಂದು ಹಾಸಿಗೆಯ ಬಾಡಿಗೆಗೆ ಹೋದರು. ಕೆನಡಾದ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ವಿದ್ಯಾರ್ಥಿಯೊಬ್ಬ ಒಂದು ವರ್ಷದ ಜೀವನ ವೆಚ್ಚಕ್ಕೆ ತೋರಿಸಬೇಕಾದ ಹಣ 2000ದ ದಶಕದ ಆರಂಭದಿಂದಲೂ 10,000 ಡಾಲರಿನಲ್ಲೇ ನಿಂತಿತ್ತು. 2024ರ ಜನವರಿ 1ರಿಂದ ಒಂದೇ ಏಟಿಗೆ 20,635 ಆಯಿತು. ಇಪ್ಪತ್ತು ವರ್ಷ ತಾನು ಹೇಳುತ್ತಾ ಬಂದ ಖರ್ಚಿನ ಅಂದಾಜು ಅರ್ಧದಷ್ಟೂ ಇರಲಿಲ್ಲ ಎಂದು ಆ ದೇಶದ ಸರ್ಕಾರವೇ ಒಪ್ಪಿಕೊಂಡಂತಾಯಿತು. ಹತ್ತು ಸಾವಿರ ನಂಬಿ ಊರಿನ ಮನೆ ಅಡವಿಟ್ಟು ಮಕ್ಕಳನ್ನು ಕಳಿಸಿದ ತಂದೆತಾಯಂದಿರಿಗೆ ಆಮೇಲಿನ ಹಣ ಎಲ್ಲಿಂದ ಬರಬೇಕಿತ್ತು? ಬ್ರಿಟನ್ನಿನಲ್ಲಿ ಕೆಲಸದ ವೀಸಾದ ಜೊತೆ ವಯಸ್ಕರು ಕಟ್ಟುವ ಆರೋಗ್ಯ ಶುಲ್ಕ 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್, ಅದೂ ವೀಸಾದ ಅಷ್ಟೂ ವರ್ಷದ್ದು ಮೊದಲೇ.

ಹಣ ಎಲ್ಲಿಡುತ್ತೀರಿ ಎಂಬುದೂ ಲೆಕ್ಕದಲ್ಲಿ ಇರಬೇಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಹಿಂದಿರುಗಿದರು. ಉಟ್ಟ ಬಟ್ಟೆಯಲ್ಲಿ ಇಳಿದವರೂ ಅವರಲ್ಲಿದ್ದರು. ತಿಂಗಳು ತಿಂಗಳು ಊರಿಗೆ ಕಳಿಸಿದವನ ಹಣ ಊರಿನಲ್ಲಿತ್ತು. ಅಲ್ಲೇ ಕೂಡಿಟ್ಟವನು ಪರಿಹಾರಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು.

ಜೀವನಮಟ್ಟದ ಮಾತಿಗೆ ಬಂದರೆ ಕುರ್ಲಾವನ್ನು ನಾನು ಹೊಗಳಲಾರೆ. ಮಧ್ಯ ರೈಲ್ವೆ ಮತ್ತು ಹಾರ್ಬರ್ ಮಾರ್ಗ ಸೇರುವ ಈ ನಿಲ್ದಾಣದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ಹತ್ತುವುದು ದಿನದ ಮೊದಲ ಜಗಳ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದಾಗ ಕುರ್ಲಾದ ಕೆಳಮಹಡಿಗಳು ಮುಳುಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಮಗಳಿಗೆ ಆಡಲು ಒಂದು ಚೊಕ್ಕ ಬಯಲು ಬೇಕು, ಹೆಂಡತಿಗೆ ರಾತ್ರಿ ಹತ್ತಕ್ಕೂ ಹೆದರದೆ ನಡೆಯುವ ರಸ್ತೆ ಬೇಕು ಎಂದು ಹುಡುಗ ಬಯಸಿದ್ದರಲ್ಲಿ ತಪ್ಪೇನಿದೆ? ಅದಕ್ಕೆ ಬೆಲೆ ಕೊಟ್ಟು ಹೋಗುತ್ತೇನೆ ಎಂದರೆ ಅದು ಗೌರವದ ತೀರ್ಮಾನ. ಆದರೆ ಅದನ್ನು ಉಳಿತಾಯ ಎಂಬ ಹೆಸರಿನಲ್ಲಿ ಮಾಡಬಾರದು. ಕುರ್ಲಾದ ನೂಕುನುಗ್ಗಲು ತಪ್ಪಿಸಿಕೊಂಡು ಹೋದವನು ಶಾರ್ಜಾದಿಂದ ದುಬೈಗೆ ಹೋಗುವ ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್‌ನಲ್ಲಿ ಅಷ್ಟೇ ಹೊತ್ತು ಕೂರುತ್ತಾನೆ, ಏಸಿ ಇರುತ್ತದೆ ಅಷ್ಟೆ.

ಕುರ್ಲಾದಲ್ಲಿ ಹೆಚ್ಚುಕಡಿಮೆ ಪುಕ್ಕಟೆಯಾಗಿ ಸಿಗುವುದು ಯಾವುದೂ ಖರ್ಚಿನ ಪಟ್ಟಿಯಲ್ಲಿ ಬರುವುದಿಲ್ಲ, ಹಾಗಾಗಿ ಕಳೆದುಕೊಂಡಾಗಲೂ ಕಾಣುವುದಿಲ್ಲ. ನಾಮಮಾತ್ರ ಹಣಕ್ಕೆ ಕೇಸ್ ಪೇಪರ್ ಮಾಡಿಕೊಡುವ ಪಾಲಿಕೆಯ ಭಾಭಾ ಆಸ್ಪತ್ರೆ. ಮದುವೆ, ಯಕ್ಷಗಾನ, ಊರಿನವರ ಶೋಕಸಭೆ ಎಲ್ಲದಕ್ಕೂ ಸೇರುವ ಬಂಟರ ಭವನ. ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಬೆಳಕು ಹರಿಯುವ ಹೊತ್ತಿಗೆ ಉಡುಪಿ. ಊರಿನಲ್ಲಿ ಅಜ್ಜ ಹಾಸಿಗೆ ಹಿಡಿದರೆ ರಜೆ ಚೀಟಿ ಬರೆದು ಹೊರಟುಬಿಡಬಹುದು. ಅಲ್ಲಿಂದಾದರೆ ಸಾಹೇಬರ ಅನುಮತಿ ಬೇಕು, ಅಂದಿನ ದರದ ಟಿಕೆಟ್ಟು ಬೇಕು.

ಹುಡುಗನಿಗೆ ಮೂರನೇ ಪುಟವನ್ನೂ ಬರೆದು ಕೊಟ್ಟೆ. ಒಬ್ಬನೇ ಹೋದರೆ ಬೆಡ್ ಸ್ಪೇಸ್, ಊಟ, ಬಸ್ಸು ಎಲ್ಲ ಸೇರಿ 2,200 ದಿರ್ಹಮ್. ಉಳಿಯುವುದು 4,800, ಅಂದರೆ 1,10,400 ರೂಪಾಯಿ. ಹೆಂಡತಿಯ ಕೆಲಸವೂ ಉಳಿಯುತ್ತದೆ. ಮಗ್ಗಿ ನಿಜವಾಗುವುದು ಈ ಪುಟದಲ್ಲಿ ಮಾತ್ರ. ಅದರ ಬೆಲೆಯೂ ಇದೇ ಪುಟದಲ್ಲಿದೆ: ನಾಲ್ಕು ವರ್ಷದ ಮಗಳು ಆರು ವರ್ಷದವಳಾಗುವುದನ್ನು ಅವನು ಫೋನಿನಲ್ಲಿ ನೋಡಬೇಕು. ಅದನ್ನು ಯಾವುದರಿಂದ ಗುಣಿಸಬೇಕೋ ನನ್ನ ಲೆಕ್ಕಕ್ಕೆ ಬರುವುದಿಲ್ಲ, ಅದು ಗಂಡ ಹೆಂಡಿರು ಕೂತು ಆಡಬೇಕಾದ ಮಾತು ಎಂದೆ.

ಇಷ್ಟೆಲ್ಲ ಆದ ಮೇಲೆ ಅವನು ಮೆಲ್ಲಗೆ ಇನ್ನೊಂದು ವಿಷಯ ಹೇಳಿದ. ಈ ಕೆಲಸ ಕೊಡಿಸಿದ ಏಜೆಂಟ್ ಒಂದೂವರೆ ಲಕ್ಷ ಕೇಳಿದ್ದಾನೆ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ನಮ್ಮ ಸರ್ಕಾರ ಹಾಕಿರುವ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳುವವನು ಕಾನೂನು ಮುರಿಯುತ್ತಿದ್ದಾನೆ. ಏಜೆಂಟರ ನೋಂದಣಿ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಲು ಸಿಗುತ್ತದೆ, ಹಣ ಕೊಡುವ ಮೊದಲು ನೋಡಬೇಕು.

ತಾಯಿ ಏಳುವಾಗ ಕೇಳಿದರು, "ಹಾಗಾದರೆ ಹೋಗುವುದು ಬೇಡವಾ ಅಣ್ಣ?" ಬೇಡ ಎಂದು ನಾನು ಹೇಳಲಿಲ್ಲ. ಇದೇ ಪುಟಗಳನ್ನು ಸೊಸೆಯ ಮುಂದಿಟ್ಟು ಇನ್ನೊಮ್ಮೆ ಬರೆಯಿರಿ ಎಂದೆ. ಅವಳ 28,000 ಬಿಟ್ಟುಹೋದದ್ದು ಅವಳು ಆ ಮಾತಿಗೆ ಕೂತಿರದಿದ್ದರಿಂದ. ಇಂಥ ಕಾಗದ ಕೈಯಲ್ಲಿರುವವರು ಯಾರೇ ಆದರೂ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ, ಕೂತು ಬರೆಯೋಣ. ಗಂಡ ಹೆಂಡತಿ ಇಬ್ಬರೂ ಬನ್ನಿ.