ಹೊಲಿದ ಕಣ್ಣು, ತೆರೆದ ಕಣ್ಣು: ‘ಕೊರಲೈನ್’ ಚಲನಚಿತ್ರದ ವಿಮರ್ಶೆ

ಕೆಡುಕು ಯಾವ ಮುಖ ಹೊತ್ತು ಬರುತ್ತದೆಂಬ ಪ್ರಶ್ನೆಗೆ ಭಯದ ಚಲನಚಿತ್ರಗಳು ಸಾಮಾನ್ಯವಾಗಿ ಕೊಡುವ ಉತ್ತರ ಸುಲಭವಾದದ್ದು: ಕತ್ತಲೆ, ವಿಕಾರ, ರಕ್ತ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪೌಲನು ಕೊಡುವ ಎಚ್ಚರಿಕೆ ಇದಕ್ಕಿಂತ ಸೂಕ್ಷ್ಮವಾದುದು. ಸೈತಾನನು ಬೆಳಕಿನ ದೂತನ ವೇಷವನ್ನೂ ಹಾಕಿಕೊಳ್ಳಬಲ್ಲನೆಂದು ಅವನು ನೆನಪಿಸುತ್ತಾನೆ. ಹೆನ್ರಿ ಸೆಲಿಕ್ ನಿರ್ದೇಶಿಸಿ ಲೈಕಾ ಸಂಸ್ಥೆಯು 2009ರಲ್ಲಿ ಹೊರತಂದ ‘ಕೊರಲೈನ್’ ಎಂಬ ಗೊಂಬೆಚಿತ್ರವನ್ನು ನಾವು ಈ ಎಚ್ಚರಿಕೆಯ ಬೆಳಕಿನಲ್ಲಿ ನೋಡಬಯಸುತ್ತೇವೆ. ಮಕ್ಕಳ ಚಿತ್ರವೆಂದು ಬದಿಗಿಡಬಹುದಾದ ಈ ಕೃತಿಯು ದೊಡ್ಡವರನ್ನೂ ಕಳವಳಗೊಳಿಸುತ್ತದೆ. ಆ ಕಳವಳದ ಮೂಲವೆಲ್ಲಿ ಎಂಬುದು ನಮ್ಮ ವಿಚಾರಣೆಯ ವಿಷಯ.

ನೀಲ್ ಗೈಮನ್ 2002ರಲ್ಲಿ ಪ್ರಕಟಿಸಿದ ಕಥೆಯೇ ಚಿತ್ರಕ್ಕೆ ಆಧಾರ. ಕೊರಲೈನ್ ಎಂಬ ಹುಡುಗಿ ತಂದೆತಾಯಿಗಳೊಡನೆ ಹಳೆಯ ಮನೆಯೊಂದಕ್ಕೆ ಬರುತ್ತಾಳೆ. ತೋಟಗಾರಿಕೆಯ ಕುರಿತು ಬರೆಯುವ ಕೆಲಸದಲ್ಲಿ ಮುಳುಗಿರುವ ಅವರಿಗೆ ಮಗಳ ಮಾತಿಗೆ ಕಿವಿಗೊಡಲು ಪುರುಸೊತ್ತಿಲ್ಲ. ಗೋಡೆಯಲ್ಲಿನ ಪುಟ್ಟ ಬಾಗಿಲೊಂದು ಹಗಲಿನಲ್ಲಿ ಇಟ್ಟಿಗೆಯಿಂದ ಮುಚ್ಚಿರುತ್ತದೆ. ರಾತ್ರಿ ಅದರಾಚೆ ಅದೇ ಮನೆಯ ಇನ್ನೊಂದು ರೂಪ ಕಾಣಿಸುತ್ತದೆ. ಅಲ್ಲಿ ‘ಇನ್ನೊಬ್ಬ ತಾಯಿ’ ರುಚಿಯಾದ ಅಡುಗೆ ಮಾಡಿ ಕಾದಿರುತ್ತಾಳೆ. ಅವಳ ಮುಖ ಹೆತ್ತ ತಾಯಿಯದೇ. ಕಣ್ಣುಗಳ ಜಾಗದಲ್ಲಿ ಮಾತ್ರ ಎರಡು ಕಪ್ಪು ಅಂಗಿಗುಂಡಿಗಳು. ಆ ಲೋಕದಲ್ಲಿ ಶಾಶ್ವತವಾಗಿ ನೆಲೆಸಲು ಷರತ್ತು ಒಂದೇ: ಕೊರಲೈನಳ ಕಣ್ಣುಗಳ ಮೇಲೂ ಗುಂಡಿ ಹೊಲಿಯಬೇಕು.

ಚಿತ್ರದ ಕಳವಳ ಈ ಷರತ್ತಿಗಿಂತ ಬಹಳ ಮೊದಲೇ ಆರಂಭವಾಗುತ್ತದೆ, ಮತ್ತು ಅದು ಅಂದದಿಂದಲೇ ಆರಂಭವಾಗುತ್ತದೆ. ನಿಜಲೋಕದ ಕೋಣೆಗಳನ್ನು ಸೆಲಿಕ್ ಆಳ ಕಡಿಮೆಯಾಗಿ, ಬಣ್ಣಗೆಟ್ಟಂತೆ ಕಟ್ಟಿಸಿದ್ದಾರೆ. ಆಚೆಯ ಲೋಕದಲ್ಲಿ ಅವೇ ಕೋಣೆಗಳು ಆಳವೂ ವರ್ಣಮಯವೂ ಆಗಿವೆ. ಬ್ರೂನೊ ಕುಲೆಯವರ ಸಂಗೀತದಲ್ಲಿ ಮಕ್ಕಳ ಮೇಳವು ಯಾವ ಭಾಷೆಗೂ ಸೇರದ ಶಬ್ದಗಳನ್ನು ಹಾಡುತ್ತದೆ. ಅದು ಜೋಗುಳದಂತೆ ಕೇಳಿಸಿದರೂ ಅರ್ಥ ಕೈಗೆ ಸಿಗುವುದಿಲ್ಲ. ತೋಟದ ಹೂಗಳೆಲ್ಲ ಸೇರಿ, ಮೇಲಿನಿಂದ ನೋಡಿದಾಗ, ಕೊರಲೈನಳದೇ ಮುಖವಾಗುತ್ತವೆ. ಮೊದಲ ನೋಟಕ್ಕೆ ಇದು ಪ್ರೀತಿಯ ಕಾಣಿಕೆ. ಆದರೆ ಹುಡುಗಿ ಎತ್ತ ತಿರುಗಿದರೂ ಅವಳಿಗೆ ಎದುರಾಗುವುದು ಅವಳ ಬಯಕೆಯೇ ಹೊರತು ಬೇರೊಂದು ಜೀವವಲ್ಲ. ಅವಳ ಆಸೆಗೆ ಅಡ್ಡ ಬರುವುದು ಅಲ್ಲಿ ಏನೂ ಇಲ್ಲ. ಆ ಲೋಕವನ್ನು ಭಯಂಕರವಾಗಿಸುವುದು ಇದೇ.

ಕೊರಲೈನ್ ಮನೆಯಿಂದ ದೂರ ನಡೆದುಹೋಗುವ ದೃಶ್ಯವು ಇದನ್ನು ಕಣ್ಣಿಗೆ ಕಾಣುವಂತೆ ಮಾಡುತ್ತದೆ. ನಡೆಯುತ್ತ ಹೋದಂತೆ ಮರಗಳು ಆಕಾರ ಕಳೆದುಕೊಂಡು ಕೊನೆಗೆ ಬರಿಯ ಬಿಳುಪು ಉಳಿಯುತ್ತದೆ. ಮುಂದುವರಿದರೆ ಅದೇ ಮನೆ ಮತ್ತೆ ಎದುರಾಗುತ್ತದೆ. ಹುಡುಗಿಯನ್ನು ಒಲಿಸಿಕೊಳ್ಳಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಆ ತಾಯಿ ಮಾಡಿದ್ದಾಳೆ. ಕೆಡುಕಿಗೆ ಸ್ವಂತ ಅಸ್ತಿತ್ವವಿಲ್ಲ, ಅದು ಒಳಿತಿನ ಕೊರತೆ ಎಂಬ ಅಗಸ್ಟೀನನ ಬೋಧನೆಯನ್ನು ತರಗತಿಯಲ್ಲಿ ವಿವರಿಸುವವರಿಗೆ ಇದಕ್ಕಿಂತ ಉತ್ತಮ ದೃಷ್ಟಾಂತ ದೊರೆಯುವುದು ಕಷ್ಟ. ಇನ್ನೊಬ್ಬ ತಾಯಿಯು ಸೃಷ್ಟಿಸುವುದಿಲ್ಲ, ನಕಲು ಮಾಡುತ್ತಾಳೆ. ಅವಳ ನಕಲಿಗೂ ಅಂಚು ಇದೆ.

ಈ ಕಳವಳಕ್ಕೂ ಸ್ಟಾಪ್ ಮೋಷನ್ ವಿಧಾನಕ್ಕೂ ಆಳವಾದ ನಂಟಿದೆ. ಇಲ್ಲಿ ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸಿ ಒಂದು ಚಿತ್ರ ತೆಗೆಯುತ್ತಾರೆ, ಮತ್ತೆ ಕದಲಿಸಿ ಇನ್ನೊಂದು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಗೊಂಬೆ ತಾನಾಗಿ ಏನನ್ನೂ ಮಾಡುವುದಿಲ್ಲ. ಕಾಣದ ಕೈಯೊಂದು ಅದರ ಪ್ರತಿಯೊಂದು ಚಲನೆಯ ಹಿಂದಿದೆ. ಚಿತ್ರದ ಆರಂಭದಲ್ಲಿಯೇ ಸೂಜಿಯಂಥ ಲೋಹದ ಕೈಗಳು ಒಂದು ಬಟ್ಟೆಗೊಂಬೆಯನ್ನು ಬಿಚ್ಚಿ, ಹೊಟ್ಟೆಯ ಹೂರಣವನ್ನು ತೆಗೆದು, ಕೊರಲೈನಳ ಹೋಲಿಕೆಯಲ್ಲಿ ಮತ್ತೆ ಹೊಲಿಯುತ್ತವೆ. ಅಂದರೆ ಚಿತ್ರವು ತನ್ನ ಕಸುಬನ್ನೇ ಕಥೆಯ ಕೆಡುಕಿನ ಕೈಯಲ್ಲಿಟ್ಟು ತೋರಿಸುತ್ತದೆ. ಆಚೆಯ ಲೋಕದ ತಂದೆ ಪಿಯಾನೊ ನುಡಿಸುವುದಿಲ್ಲ, ಪಿಯಾನೊವೇ ಅವನ ಕೈಗಳನ್ನು ಆಡಿಸುತ್ತದೆ. ನೆರೆಯ ಹುಡುಗ ವೈಬಿಯ ಪ್ರತಿರೂಪಕ್ಕೆ ಮಾತೇ ಇಲ್ಲ. ಅವನು ಮುಖ ಬಾಡಿಸಿದಾಗ ಅವನ ತುಟಿಗಳನ್ನು ನಗುವಿನ ಆಕಾರಕ್ಕೆ ಹೊಲಿಯಲಾಗುತ್ತದೆ. ಆ ಹೊಲಿದ ನಗುವಿಗಿಂತ ಘೋರವಾದ ಬಿಂಬ ಈ ಚಿತ್ರದಲ್ಲಿ ಇನ್ನೊಂದಿಲ್ಲ.

ಇಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಯೊಬ್ಬನು ನ್ಯಾಯವಾಗಿಯೇ ಆಕ್ಷೇಪವೆತ್ತಬಹುದು. ನಮ್ಮ ದೇವರೂ ಮಣ್ಣಿನಿಂದ ಮನುಷ್ಯನನ್ನು ರೂಪಿಸಿದವನಲ್ಲವೇ? ಪ್ರವಾದಿಗಳು ಆತನನ್ನು ಕುಂಬಾರನಿಗೂ ನಮ್ಮನ್ನು ಜೇಡಿಮಣ್ಣಿಗೂ ಹೋಲಿಸಲಿಲ್ಲವೇ? ಎಲ್ಲವನ್ನೂ ಒಪ್ಪಿಸಿಬಿಡು, ಪ್ರಶ್ನಿಸಬೇಡ ಎಂದು ಬೋಧಿಸುವಾಗ ನಾವು ಸಾರುತ್ತಿರುವುದು ಕ್ರಿಸ್ತನ ತಂದೆಯನ್ನೋ, ಗುಂಡಿ ಮತ್ತು ಸೂಜಿ ಹಿಡಿದು ನಿಂತ ಆ ತಾಯಿಯನ್ನೋ? ಈ ಆಕ್ಷೇಪವನ್ನು ನಾವು ಹಗುರವಾಗಿ ಎಣಿಸಲಾರೆವು.

ಉತ್ತರವನ್ನು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಡುಕಬೇಕೆಂದು ನಮಗೆ ತೋರುತ್ತದೆ. ಅಲ್ಲಿಯೂ ಒಂದು ಕೈ ಇನ್ನೊಬ್ಬನ ಕಣ್ಣನ್ನು ಮುಟ್ಟುತ್ತದೆ; ಅಲ್ಲಿಯೂ ಮಣ್ಣಿದೆ. ಆದರೆ ಹುಟ್ಟುಕುರುಡನ ಕಣ್ಣಿಗೆ ಕೆಸರು ಹಚ್ಚಿದ ಯೇಸು ಅವನನ್ನು ತನ್ನ ಬಳಿ ಇರಿಸಿಕೊಳ್ಳದೆ ಕೊಳಕ್ಕೆ ಕಳುಹಿಸುತ್ತಾನೆ. ಕಣ್ಣು ಬಂದ ಮೇಲೆ ಆ ಮನುಷ್ಯನು ಸ್ವಂತ ಬಾಯಿಂದ ಮಾತಾಡುತ್ತಾನೆ, ಫರಿಸಾಯರೊಡನೆ ವಾದಿಸುತ್ತಾನೆ, ಹೊರಗೆ ಹಾಕಲ್ಪಡುತ್ತಾನೆ. ಆಮೇಲೆ ಯೇಸು ಅವನನ್ನು ಕಂಡುಕೊಂಡು, ನಂಬುತ್ತೀಯೋ ಎಂದು ಕೇಳುತ್ತಾನೆ. ದೇವರ ಕೈ ಕಣ್ಣನ್ನು ತೆರೆಯುತ್ತದೆ, ತೆರೆದ ಕಣ್ಣಿನವನನ್ನು ಪ್ರಶ್ನಿಸಿ ಅವನ ಉತ್ತರಕ್ಕಾಗಿ ಕಾಯುತ್ತದೆ. ವಿಗ್ರಹಗಳಿಗೆ ಕಣ್ಣಿದ್ದರೂ ನೋಡಲಾರವು, ಅವನ್ನು ಮಾಡುವವರೂ ಅವುಗಳಂತಾಗುವರು ಎಂಬ ಅರ್ಥದ 115ನೆಯ ಕೀರ್ತನೆಯ ಮಾತು ಈ ಹಿನ್ನೆಲೆಯಲ್ಲಿ ಹೊಸದಾಗಿ ಕೇಳಿಸುತ್ತದೆ. ಗುಂಡಿಗಣ್ಣಿನವಳು ಎಲ್ಲರನ್ನೂ ಗುಂಡಿಗಣ್ಣಿನವರನ್ನಾಗಿ ಮಾಡಬಯಸುತ್ತಾಳೆ.

ಚಿತ್ರದ ಒಂದು ದೋಷವನ್ನೂ ಹೇಳಬೇಕು. ಕೊನೆಯ ಭಾಗದಲ್ಲಿ ಇನ್ನೊಬ್ಬ ತಾಯಿ ಜೇಡವನ್ನು ಹೋಲುವ ರಾಕ್ಷಸಿಯಾಗಿ ಬಲೆಯಲ್ಲಿ ಬೆನ್ನಟ್ಟುತ್ತಾಳೆ. ಈಗ ಯಾರಾದರೂ ಅವಳನ್ನು ಗುರುತಿಸಿ ಓಡಬಲ್ಲರು. ಆದ್ದರಿಂದ ಭಯ ಹೆಚ್ಚಿದರೂ ಕಳವಳ ಕಡಿಮೆಯಾಗುತ್ತದೆ. ಊಟ ಬಡಿಸುತ್ತಿದ್ದವಳೇ ಹೆಚ್ಚು ಅಪಾಯಕಾರಿಯಾಗಿದ್ದಳು.

ಪಾಲನಾಸೇವೆಯಲ್ಲಿರುವ ನಮಗೆ ಆ ಊಟದ ಮೇಜು ಅಪರಿಚಿತವಲ್ಲ. ಸಭೆಗೆ ಹೊಸದಾಗಿ ಬಂದವರನ್ನು ನಾವು ಆದರದಿಂದ ಬರಮಾಡಿಕೊಳ್ಳುತ್ತೇವೆ, ಹೆಸರು ಹಿಡಿದು ಕರೆಯುತ್ತೇವೆ, ಅವರ ಕೊರತೆಗಳನ್ನು ತಿಳಿದು ತುಂಬುತ್ತೇವೆ. ಇದು ಒಳ್ಳೆಯದು. ಆದರೆ ಅವರು ತಾವು ಕಂಡದ್ದನ್ನು ಹೇಳಿದಾಗ, ಮುಖ ಬಾಡಿಸಿದಾಗ, ನಮ್ಮಿಂದ ದೂರ ನಡೆದಾಗ ನಮ್ಮ ಪ್ರೀತಿ ಏನು ಮಾಡುತ್ತದೆ ಎಂಬುದರಲ್ಲಿಯೇ ಅದರ ಪರೀಕ್ಷೆಯಿದೆ. ಕೊರಲೈನ್ ಕೊನೆಗೆ ಹಿಂದಿರುಗುವುದು ದಣಿದ, ಸಿಡುಕುವ, ಮರೆಗುಳಿ ತಂದೆತಾಯಿಗಳ ಬಳಿಗೆ. ಅಂಗಡಿಯಲ್ಲಿ ಬೇಡವೆಂದಿದ್ದ ಕೈಗವಸನ್ನು ತಾಯಿ ಸದ್ದಿಲ್ಲದೆ ತಂದಿಟ್ಟಿರುತ್ತಾಳೆ. ಅದಕ್ಕೆ ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ. ಮರುದಿನ ನೆರೆಹೊರೆಯವರೆಲ್ಲ ಕೂಡಿ ಮನೆಯ ತೋಟದ ಕೆಸರಿನಲ್ಲಿ ಗಿಡ ನೆಡುತ್ತಾರೆ.